ಸೇವಾ ವಹಿಯ ಯಾವ ಪುಟ ಯಾರಿಗೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು 2025ರ ನವೆಂಬರ್ 14ರಂದು ಪ್ರಕಟವಾದಾಗ, ಅವುಗಳ ಜೊತೆಯಲ್ಲೇ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಒಂದು ಉಪಸೆಕ್ಷನ್ನಿನ ತಿದ್ದುಪಡಿಯೂ ಜಾರಿಗೆ ಬಂದಿತು. ಅಂದಿನಿಂದ ಎರಡು ತದ್ವಿರುದ್ಧ ಮಾತುಗಳು ಕೇಳಿಬರುತ್ತಿವೆ. ಸರ್ಕಾರಿ ನೌಕರನ ಬಗ್ಗೆ ಇನ್ನು ಯಾರೂ ಏನನ್ನೂ ಕೇಳುವಂತಿಲ್ಲ ಎಂಬುದು ಒಂದು. ಏನೂ ಬದಲಾಗಿಲ್ಲ, ಸಾರ್ವಜನಿಕ ಹಿತಾಸಕ್ತಿ ಇದ್ದರೆ ಹಿಂದಿನಂತೆಯೇ ಎಲ್ಲವೂ ಸಿಗುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಹಾಗಾಗಿಯೇ ಗೊಂದಲ ತಿಳಿಯಾಗುತ್ತಿಲ್ಲ.

ಗೊಂದಲದ ಮೂಲವಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದರಲ್ಲಿ. ನೌಕರನ ದಾಖಲೆಯಲ್ಲಿ ಸಾರ್ವಜನಿಕರು ಯಾವುದನ್ನು ನೋಡಬಹುದು ಎಂಬುದು ಮೊದಲ ಪ್ರಶ್ನೆ. ಆ ದಾಖಲೆಯನ್ನು ಇಟ್ಟುಕೊಂಡಿರುವ ಕಚೇರಿ ಅದನ್ನು ಹೇಗೆ ಕಾಪಾಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಂಬಂಧಿಸಿದ ನಿರ್ಬಂಧ ತಕ್ಷಣ ಜಾರಿಯಾಗಿದೆ. ಎರಡನೆಯದಕ್ಕೆ ಸಂಬಂಧಿಸಿದ ಹೊಣೆಗಾರಿಕೆಗಳಿಗೆ ಅದೇ ಅಧಿಸೂಚನೆ 18 ತಿಂಗಳ ಗಡುವು ಕೊಟ್ಟಿದೆ. ಹೊರಗಿನವರ ಕಣ್ಣಿಗೆ ಪರದೆ ಇಂದು, ಒಳಗಿನ ಕಪಾಟಿಗೆ ಬೀಗ 2027ರಲ್ಲಿ. ಈ ಹಿಂದುಮುಂದು ಲೆಕ್ಕಾಚಾರದ ಪರಿಣಾಮ ಅರಿಯಬೇಕಾದರೆ ಸ್ವಲ್ಪ ಹಿನ್ನೆಲೆ ಅಗತ್ಯ.

ಬದಲಾದ ಪದಗಳು

2005ರ ಕಾಯ್ದೆಯ ಸೆಕ್ಷನ್ 8(1)(ಜೆ) ವೈಯಕ್ತಿಕ ಮಾಹಿತಿಗೆ ಮೊದಲಿನಿಂದಲೂ ರಕ್ಷಣೆ ನೀಡಿತ್ತು, ಆದರೆ ಷರತ್ತುಗಳೊಂದಿಗೆ. ಕೇಳಿದ ಮಾಹಿತಿಗೆ ಸಾರ್ವಜನಿಕ ಚಟುವಟಿಕೆಯೊಂದಿಗೆ ಯಾವ ಸಂಬಂಧವೂ ಇರಬಾರದು, ಇಲ್ಲವೇ ಅದನ್ನು ಕೊಟ್ಟರೆ ವ್ಯಕ್ತಿಯ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗುವಂತಿರಬೇಕು. ಆಗ ಮಾತ್ರ ನಿರಾಕರಿಸಬಹುದಿತ್ತು. ಹಾಗಿದ್ದರೂ ವ್ಯಾಪಕ ಸಾರ್ವಜನಿಕ ಹಿತಾಸಕ್ತಿ ಇದೆಯೆಂದು ಮಾಹಿತಿ ಅಧಿಕಾರಿಗೆ ಮನವರಿಕೆಯಾದರೆ ಕೊಡಬೇಕಿತ್ತು. ಇದರ ಜೊತೆಗೆ, ಸಂಸತ್ತಿಗೆ ಅಥವಾ ರಾಜ್ಯ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕವೂ, ಅಂದರೆ ಸೆಕ್ಷನ್ನಿನ ಕೊನೆಗೆ ಸೇರಿಸಿದ ಉಪವಾಕ್ಯವೂ, ಇತ್ತು.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಇಷ್ಟನ್ನೂ ತೆಗೆದುಹಾಕಿ ಆ ಜಾಗದಲ್ಲಿ 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬರ್ಥದ ಕೆಲವೇ ಪದಗಳನ್ನು ಇರಿಸಿತು. ಷರತ್ತುಗಳೂ ಹೋದವು, ಪರಂತುಕವೂ ಹೋಯಿತು. ವೈಯಕ್ತಿಕ ಮಾಹಿತಿ ಎಂದರೇನು ಎಂಬುದಕ್ಕೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವ್ಯಾಖ್ಯಾನವಿಲ್ಲ. ದತ್ತಾಂಶ ಕಾಯ್ದೆಯ ವ್ಯಾಖ್ಯಾನವನ್ನು ಎರವಲು ಪಡೆದರೆ, ಒಬ್ಬ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ವಿವರವೂ ಅದರೊಳಗೆ ಬರುತ್ತದೆ. ಹಾಗೆ ನೋಡಿದರೆ ವರ್ಗಾವಣೆ ಆದೇಶದಲ್ಲಿರುವ ಹೆಸರು, ಕಾಮಗಾರಿಯ ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಹಾಕಿದ ಸಹಿ, ಟಿಪ್ಪಣಿ ಹಾಳೆಯಲ್ಲಿ ಅಧಿಕಾರಿ ಬರೆದ ಅಭಿಪ್ರಾಯ ಇವೆಲ್ಲವೂ ವೈಯಕ್ತಿಕವೇ ಆಗಿಬಿಡುತ್ತವೆ.

ಕಡತ ಒಂದೇ, ಪುಟಗಳು ಒಂದೇ ಬಗೆಯವಲ್ಲ

ಒಬ್ಬ ಸರ್ಕಾರಿ ನೌಕರನ ದಾಖಲೆ ಎಂದಾಗ ಕಣ್ಣಮುಂದೆ ಬರುವುದು ಸೇವಾ ವಹಿ. ನೇಮಕಾತಿ ಆದೇಶ, ಜನ್ಮ ದಿನಾಂಕ, ವಿದ್ಯಾರ್ಹತೆ, ಜಾತಿ ಪ್ರಮಾಣಪತ್ರದ ನಮೂದು, ವಾರ್ಷಿಕ ವೇತನ ಬಡ್ತಿ, ರಜೆ ಲೆಕ್ಕ, ನಾಮನಿರ್ದೇಶನ, ದಂಡನೆಯ ವಿವರ ಎಲ್ಲವೂ ಒಂದೇ ರಟ್ಟಿನೊಳಗೆ ಇರುತ್ತವೆ. ಇದರ ಹೊರಗೆ ಕಾರ್ಯನಿರ್ವಹಣಾ ವರದಿ ಇದೆ. ಹಳಬರು ಅದನ್ನು ಈಗಲೂ ಗೌಪ್ಯ ವರದಿ ಎಂದೇ ಕರೆಯುತ್ತಾರೆ. ವರ್ಷಕ್ಕೊಮ್ಮೆ ಸಲ್ಲಿಸುವ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ, ಇಲಾಖಾ ವಿಚಾರಣೆಯ ಕಡತ, ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲುಗಳು ಬೇರೆ ಬೇರೆ ಕಡೆ ಇರುತ್ತವೆ. ಕರ್ನಾಟಕದಲ್ಲಿ ವೇತನ ಬಿಲ್ಲು ಎಚ್‌ಆರ್‌ಎಂಎಸ್ ತಂತ್ರಾಂಶದಿಂದ ಸಿದ್ಧವಾಗುವುದರಿಂದ ಬ್ಯಾಂಕ್ ಖಾತೆ, ಸಾಲದ ಕಡಿತ, ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯ ವಿವರಗಳೂ ಗಣಕದಲ್ಲಿ ದಾಖಲಾಗಿವೆ.

ಈ ಪುಟಗಳಲ್ಲಿ ಕೆಲವು ಮನುಷ್ಯನಿಗೆ ಸೇರಿದವು, ಕೆಲವು ಹುದ್ದೆಗೆ ಸೇರಿದವು. ನಾಮನಿರ್ದೇಶನದಲ್ಲಿ ಯಾರ ಹೆಸರಿದೆ, ಯಾವ ಕಾಯಿಲೆಗೆ ರಜೆ ಹಾಕಿದರು, ಪ್ರತಿ ತಿಂಗಳು ಎಷ್ಟು ಸಾಲದ ಕಂತು ಕಡಿತವಾಗುತ್ತಿದೆ ಎಂಬುದನ್ನು ತಿಳಿಯುವ ಹಕ್ಕು ನೆರೆಯವರಿಗಾಗಲಿ ಪತ್ರಿಕೆಗಾಗಲಿ ಇಲ್ಲ. ಹುದ್ದೆಗೆ ಬೇಕಾದ ವಿದ್ಯಾರ್ಹತೆ ಇತ್ತೇ, ಮೀಸಲು ಹುದ್ದೆಗೆ ಸಲ್ಲಿಸಿದ ಜಾತಿ ಪ್ರಮಾಣಪತ್ರ ಅಸಲಿಯೇ, ಲಂಚದ ಆರೋಪದ ಇಲಾಖಾ ವಿಚಾರಣೆ ಹೇಗೆ ಮುಗಿಯಿತು ಎಂಬ ಪ್ರಶ್ನೆಗಳನ್ನು ಅದೇ ಸಾಲಿಗೆ ಸೇರಿಸಲಾಗದು. ಸುಳ್ಳು ಜಾತಿ ಪ್ರಮಾಣಪತ್ರದ ದೂರುಗಳನ್ನು ತನಿಖೆ ಮಾಡಲು ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. ಸುಳ್ಳು ಪ್ರಮಾಣಪತ್ರದಿಂದ ಸಿಕ್ಕ ಪ್ರತಿಯೊಂದು ನೌಕರಿಯೂ ಅರ್ಹ ಕುಟುಂಬವೊಂದರ ಕೈತಪ್ಪಿದ ನೌಕರಿ. ಆ ಕುಟುಂಬಕ್ಕೆ ಇದು ಹೇಗೆ ಪರರ ಖಾಸಗಿ ವಿಷಯವಾದೀತು? ಹಳೆಯ ಸೆಕ್ಷನ್ನು ಈ ಪುಟವಿಂಗಡಣೆಯನ್ನು ಮಾಹಿತಿ ಅಧಿಕಾರಿಯ ವಿವೇಚನೆಗೆ ಬಿಟ್ಟಿತ್ತು. ಹೊಸತು ಇಡೀ ರಟ್ಟನ್ನೇ ಮುಚ್ಚಲು ಅವಕಾಶ ಕೊಡುತ್ತದೆ.

ಬಾಗಿಲು 2012ರಲ್ಲೇ ಅರ್ಧ ಮುಚ್ಚಿತ್ತು

ತಿದ್ದುಪಡಿಯ ಹಿಂದಿನ ದಿನದವರೆಗೆ ಎಲ್ಲವೂ ತೆರೆದಿತ್ತು ಎಂಬ ಭಾವನೆ ಸರಿಯಲ್ಲ. ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ 2012ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ನೌಕರನಿಗೆ ನೀಡಿದ ಮೆಮೊ, ಕಾರಣ ಕೇಳುವ ನೋಟಿಸ್, ದಂಡನೆಯ ಆದೇಶ, ಆಸ್ತಿ ವಿವರ, ಆದಾಯ ತೆರಿಗೆ ವಿವರ ಇವೆಲ್ಲ ವೈಯಕ್ತಿಕ ಮಾಹಿತಿ ಎಂದು ಹೇಳಿತು. ನೌಕರನ ಕಾರ್ಯನಿರ್ವಹಣೆ ಮೂಲತಃ ಅವನ ಮತ್ತು ಉದ್ಯೋಗದಾತನ ನಡುವಿನ ವಿಷಯ ಎಂಬುದು ಆ ತೀರ್ಪಿನ ತಿರುಳು. ಮರುವರ್ಷ ಆರ್.ಕೆ. ಜೈನ್ ಪ್ರಕರಣದಲ್ಲಿ ಬೇರೊಬ್ಬ ಅಧಿಕಾರಿಯ ಗೌಪ್ಯ ವರದಿಗೂ ಇದೇ ನಿಯಮ ಅನ್ವಯಿಸಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೆನರಾ ಬ್ಯಾಂಕ್ ಕಕ್ಷಿದಾರನಾಗಿದ್ದ 2017ರ ಪ್ರಕರಣದಲ್ಲಿ ಗುಮಾಸ್ತ ವರ್ಗದ ಸಿಬ್ಬಂದಿಯ ವರ್ಗಾವಣೆ ವಿವರಗಳನ್ನೂ ಇದೇ ತರ್ಕದಿಂದ ನಿರಾಕರಿಸಲಾಯಿತು.

2012ರ ಆ ತೀರ್ಪು ಸಾಕಷ್ಟು ಟೀಕೆಗೂ ಒಳಗಾಗಿದೆ. ಸರ್ಕಾರಿ ನೌಕರನ ಉದ್ಯೋಗದಾತ ಯಾರು ಎಂದು ಕೇಳಿದರೆ ಕೊನೆಗೆ ತೆರಿಗೆ ಕಟ್ಟುವ ಪ್ರಜೆಯೇ ಎನ್ನಬೇಕಾಗುತ್ತದೆ ಎಂಬ ಮಾತನ್ನು ಬದಿಗಿಟ್ಟರೂ, ವಿಧಾನಮಂಡಲಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕವನ್ನು ಆ ತೀರ್ಪು ವಿವರವಾಗಿ ಚರ್ಚಿಸಲಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಒಂದು ಬಾಗಿಲು ಉಳಿದಿತ್ತು. ವ್ಯಾಪಕ ಸಾರ್ವಜನಿಕ ಹಿತಾಸಕ್ತಿಯನ್ನು ಅರ್ಜಿದಾರ ತೋರಿಸಿಕೊಟ್ಟರೆ ದಾಖಲೆ ನೀಡಬಹುದು ಎಂದು ಅದೇ ತೀರ್ಪು ಹೇಳಿತ್ತು. ಅದಕ್ಕೆ ಆಧಾರವಾಗಿದ್ದುದು 8(1)(ಜೆ)ಯೊಳಗಿನ ಷರತ್ತು. ಈಗ ಹೋಗಿರುವುದು ಅದೇ.

ಸರ್ಕಾರದ ವಾದ, ಟೀಕಾಕಾರರ ವಾದ

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಘೋಷಿಸಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ, ಬೆಂಗಳೂರಿನಲ್ಲಿ ನೆಲೆಸಿದ್ದ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸಲ್ಲಿಸಿದ್ದ ಅರ್ಜಿಯ ಗುರಿ, ಪ್ರಜೆಯ ವಿವರಗಳನ್ನು ಸರ್ಕಾರ ಸಂಗ್ರಹಿಸುವುದಕ್ಕೆ ಮಿತಿ ಹಾಕುವುದಾಗಿತ್ತು. ಅದೇ ತೀರ್ಪನ್ನು ಇಂದು ಸರ್ಕಾರಿ ಕಡತವನ್ನು ಪ್ರಜೆಯಿಂದ ಮರೆಮಾಡುವುದಕ್ಕೂ ಉಲ್ಲೇಖಿಸಲಾಗುತ್ತಿದೆ ಎಂಬುದು ಗಮನಿಸತಕ್ಕ ತಿರುವು.

ಸರ್ಕಾರದ ವಾದ ಹೀಗಿದೆ. ಖಾಸಗಿತನ ಮೂಲಭೂತ ಹಕ್ಕಾದ ಮೇಲೆ ಮಾಹಿತಿ ಹಕ್ಕು ಕಾಯ್ದೆಯನ್ನು ಅದಕ್ಕೆ ಹೊಂದಿಸಲೇಬೇಕಾಗಿತ್ತು. ನೌಕರನೂ ಪ್ರಜೆಯೇ, ಕೆಲಸಕ್ಕೆ ಸೇರಿದ ಮಾತ್ರಕ್ಕೆ ಅವನ ಹಕ್ಕು ಕರಗಿಹೋಗುವುದಿಲ್ಲ. ಸಾರ್ವಜನಿಕ ಹಿತಾಸಕ್ತಿಯ ಕೀಲಿಕೈ ಕಳೆದುಹೋಗಿಲ್ಲ, ಸೆಕ್ಷನ್ 8(2) ಹಾಗೆಯೇ ಇದೆ. ಸಂರಕ್ಷಿತ ಹಿತಕ್ಕೆ ಆಗುವ ಹಾನಿಗಿಂತ ಬಹಿರಂಗಪಡಿಸುವುದರಲ್ಲಿ ಸಾರ್ವಜನಿಕ ಹಿತ ಹೆಚ್ಚಿದ್ದರೆ ಯಾವ ವಿನಾಯಿತಿಯನ್ನೂ ದಾಟಿ ಮಾಹಿತಿ ಕೊಡಬಹುದು. ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ವಿವರಗಳಿಗೆ ದತ್ತಾಂಶ ಕಾಯ್ದೆಯ ಸೆಕ್ಷನ್ 3 ವಿನಾಯಿತಿ ನೀಡಿದೆ ಎಂಬುದನ್ನೂ ಸರ್ಕಾರ ಎತ್ತಿಹಿಡಿಯುತ್ತದೆ. (ಆ ಸೆಕ್ಷನ್ 3 ಕೂಡ 18 ತಿಂಗಳ ಪಟ್ಟಿಯಲ್ಲೇ ಇದೆ ಎಂಬುದು ಬೇರೆ ಮಾತು.)

ಟೀಕಾಕಾರರು ಪುಟ್ಟಸ್ವಾಮಿ ತೀರ್ಪನ್ನೇ ತಮ್ಮ ಕಡೆಗೂ ಎಳೆದುಕೊಳ್ಳುತ್ತಾರೆ. ಖಾಸಗಿತನದ ಮೇಲಿನ ಯಾವುದೇ ನಿರ್ಬಂಧ ಕಾನೂನುಬದ್ಧವೇ, ನ್ಯಾಯಸಮ್ಮತ ಉದ್ದೇಶದ್ದೇ, ಪ್ರಮಾಣ ಮೀರದಂತಿದೆಯೇ ಎಂದು ತೂಗಿ ನೋಡಿ ಎಂದು ಆ ತೀರ್ಪು ಹೇಳಿದೆ. ತೂಗುವ ತಕ್ಕಡಿ ಹಳೆಯ 8(1)(ಜೆ)ಯೊಳಗೇ ಇತ್ತು. 2019ರಲ್ಲಿ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದ ಸಂವಿಧಾನ ಪೀಠ ಸೇವಾ ದಾಖಲೆಗಳನ್ನು ವೈಯಕ್ತಿಕ ಮಾಹಿತಿಯ ಪಟ್ಟಿಗೆ ಸೇರಿಸಿದರೂ, ಕೊಡಬೇಕೇ ಬೇಡವೇ ಎಂಬುದನ್ನು ಪ್ರತಿ ಪ್ರಕರಣದಲ್ಲೂ ತೂಗಿ ನಿರ್ಧರಿಸಬೇಕು ಎಂದಿತ್ತು. ಹಾಗಾದರೆ ಹೊಂದಾಣಿಕೆಯ ಹೆಸರಿನಲ್ಲಿ ತಕ್ಕಡಿಯನ್ನೇ ತೆಗೆದದ್ದು ಏಕೆ ಎಂಬುದು ಅವರ ಪ್ರಶ್ನೆ. ಈ ಲೇಖಕನಿಗೆ ಅದಕ್ಕೆ ತೃಪ್ತಿಕರವಾದ ಉತ್ತರ ಎಲ್ಲೂ ಕಂಡಿಲ್ಲ.

ಮೇಜಿನ ಆ ಕಡೆ ಕುಳಿತವರ ಲೆಕ್ಕ

8(2) ಉಳಿದಿದೆ ಎಂಬುದು ನಿಜ. ಆದರೆ ಕಾನೂನಿನ ಪುಸ್ತಕದಲ್ಲಿ ಇರುವುದಕ್ಕೂ ಬಹುಮಹಡಿ ಕಟ್ಟಡದ ಒಂದು ಶಾಖೆಯಲ್ಲಿ ಅದು ಬಳಕೆಗೆ ಬರುವುದಕ್ಕೂ ಅಂತರವಿದೆ. ಹಳೆಯ ವ್ಯವಸ್ಥೆಯಲ್ಲಿ ಸಾರ್ವಜನಿಕ ಹಿತವನ್ನು ತೂಗಬೇಕಾದವರು ಮಾಹಿತಿ ಅಧಿಕಾರಿಯೇ. ಸಕಾರಣವಿಲ್ಲದೆ ನಿರಾಕರಿಸಿದರೆ ಸೆಕ್ಷನ್ 20ರ ಪ್ರಕಾರ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿವರೆಗೆ ಸ್ವಂತ ಜೇಬಿನಿಂದ ದಂಡ ತೆರಬೇಕಾದೀತು ಎಂಬ ಅಳುಕು ಅವರಿಗಿತ್ತು. 8(2)ರಲ್ಲಿ ನಿರ್ಧರಿಸಬೇಕಾದುದು 'ಸಾರ್ವಜನಿಕ ಪ್ರಾಧಿಕಾರ', ಅಂದರೆ ಇಲಾಖೆ ಅಥವಾ ಸಂಸ್ಥೆ. ಅದೂ ಕೊಡ'ಬಹುದು' ಎಂಬ ಧಾಟಿಯಲ್ಲಿ. ಇಲಾಖೆಯ ತಲೆಯಾಳು ಮನಸ್ಸು ಮಾಡದೆ ಮಾಹಿತಿ ಅಧಿಕಾರಿಯಾಗಿರುವ ಶಾಖಾಧಿಕಾರಿ ಈ ಹೊಣೆ ಹೊರಲಾರರು.

ಇನ್ನೊಂದು ಕಡೆಯಲ್ಲಿ, ದತ್ತಾಂಶ ಕಾಯ್ದೆಯ ಗರಿಷ್ಠ ದಂಡ 250 ಕೋಟಿ ರೂಪಾಯಿ. ಅದು ಸುರಕ್ಷತಾ ಕ್ರಮಗಳ ಲೋಪಕ್ಕೆ ಸಂಸ್ಥೆಯ ಮೇಲೆ ಬೀಳುವ ದಂಡವೇ ಹೊರತು ಮಾಹಿತಿ ಹಕ್ಕು ಅರ್ಜಿಗೆ ಉತ್ತರಿಸಿದ ಅಧಿಕಾರಿಯ ಮೇಲಲ್ಲ. ಆದರೆ ಈ ಸೂಕ್ಷ್ಮ ಕಚೇರಿಯ ಮಾತುಕತೆಯಲ್ಲಿ ಉಳಿಯುವುದು ಕಷ್ಟ. ಕೊಟ್ಟರೆ ಕೋಟಿಯ ಭಯ, ಕೊಡದಿದ್ದರೆ ಯಾವ ಭಯವೂ ಇಲ್ಲ ಎಂಬ ಸ್ಥಿತಿಯಲ್ಲಿ ಯಾವ ಕೇಸ್ ವರ್ಕರ್ ಆದರೂ ಕೊಡದಿರುವ ಟಿಪ್ಪಣಿಯನ್ನೇ ಮಂಡಿಸುತ್ತಾರೆ. ಹೀಗೆ ನಿರಾಕರಣೆಗಳು ಹೆಚ್ಚಿದರೆ ಮೇಲ್ಮನವಿಗಳು ಹೆಚ್ಚುತ್ತವೆ. 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದ ಬಳಿಕ 90 ದಿನದೊಳಗೆ ವಿಧಾನಸೌಧದ ಎದುರಿನ ಮಾಹಿತಿ ಸೌಧದಲ್ಲಿರುವ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಸಲ್ಲಿಸುವವನಿಗೆ ಇಷ್ಟು ಕಟ್ಟುನಿಟ್ಟಿನ ಗಡುವಿದ್ದರೂ ಎರಡನೆಯ ಮೇಲ್ಮನವಿಯನ್ನು ಇಂತಿಷ್ಟು ದಿನದೊಳಗೆ ಇತ್ಯರ್ಥಪಡಿಸಬೇಕೆಂಬ ಗಡುವನ್ನು ಕಾಯ್ದೆ ಆಯೋಗಕ್ಕೆ ಹಾಕಿಲ್ಲ.

ಈ ನಡುವೆ ಕೆಲವು ವಿಚಿತ್ರ ಅಸಮತೋಲನಗಳು ಎದ್ದು ಕಾಣುತ್ತವೆ. ಐಎಎಸ್ ಅಧಿಕಾರಿಗಳ ಸ್ಥಿರಾಸ್ತಿ ವಿವರ ಹಲವು ವರ್ಷಗಳಿಂದ ಕೇಂದ್ರದ ಜಾಲತಾಣದಲ್ಲಿ ಲಭ್ಯವಿದೆ. ಚುನಾವಣೆಗೆ ನಿಲ್ಲುವವರ ಆಸ್ತಿ 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಪ್ರಮಾಣಪತ್ರದ ಮೂಲಕ ಬಯಲಾಗುತ್ತದೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 2025ರ ಮೇ ತಿಂಗಳಲ್ಲಿ ತಮ್ಮ ಆಸ್ತಿ ವಿವರಗಳನ್ನು ತಾವೇ ಪ್ರಕಟಿಸಿದರು. ನಗರದ ಒಂದು ವಾರ್ಡಿನಲ್ಲಿ ಕಟ್ಟಡ ನಕ್ಷೆಗೆ ಮಂಜೂರಾತಿ ನೀಡುವ ಎಂಜಿನಿಯರ್‌ನ ಆಸ್ತಿ ಪಟ್ಟಿ ಮಾತ್ರ ಅವರ ಖಾಸಗಿ ವಿಷಯವಾಗಿ ಉಳಿದಿದೆ.

ಸೋರುವುದು ಎಲ್ಲಿಂದ?

ನೌಕರನಿಗೆ ನಿಜವಾಗಿ ಹಾನಿ ಮಾಡುವ ಸೋರಿಕೆ ಮಾಹಿತಿ ಹಕ್ಕು ಅರ್ಜಿಯ ಮೂಲಕ ಆಗುತ್ತದೆಯೇ ಎಂಬುದು ಈ ಚರ್ಚೆಯಲ್ಲಿ ಯಾರೂ ಹೆಚ್ಚಾಗಿ ಕೇಳದ ಪ್ರಶ್ನೆ. ಅರ್ಜಿಗೆ ದಾರಿ ಇದೆ, ದಾಖಲೆ ಇದೆ. ಮೂರನೆಯ ವ್ಯಕ್ತಿಯ ಗೋಪ್ಯ ಮಾಹಿತಿಯಾದರೆ ಸೆಕ್ಷನ್ 11ರಂತೆ 5 ದಿನದೊಳಗೆ ಅವರಿಗೆ ನೋಟಿಸ್ ಕೊಟ್ಟು, ಆಕ್ಷೇಪಣೆಗೆ 10 ದಿನ ಕೊಡಬೇಕು. ಅಂದರೆ ತನ್ನ ಬಗ್ಗೆ ಯಾರು ಏನು ಕೇಳಿದ್ದಾರೆ ಎಂಬುದು ನೌಕರನಿಗೆ ಗೊತ್ತಾಗುತ್ತದೆ. ಕಚೇರಿಯ ಒಳಗಿನಿಂದ ಹೋಗುವ ಪ್ರತಿಗೆ ಅಂಥ ಯಾವ ಕಟ್ಟಳೆಯೂ ಇಲ್ಲ.

ಶಿಕ್ಷಕರ ವರ್ಗಾವಣೆಯನ್ನೇ ನೋಡಬಹುದು. ಕೌನ್ಸೆಲಿಂಗ್ ಪಾರದರ್ಶಕವಾಗಿ ನಡೆಯಬೇಕಾದರೆ ಪಟ್ಟಿ ಎಲ್ಲರಿಗೂ ಕಾಣಬೇಕು. ತನಗಿಂತ ಕಿರಿಯರಿಗೆ ಊರು ಸಿಕ್ಕಿದ್ದು ಏಕೆಂದು ಪ್ರತಿಯೊಬ್ಬರಿಗೂ ತಿಳಿಯಬೇಕು. ಆದರೆ ಆದ್ಯತೆ ಸಿಗುವುದು ಅಂಗವೈಕಲ್ಯ, ಗಂಭೀರ ಕಾಯಿಲೆ, ವೈಧವ್ಯ, ಪತಿ-ಪತ್ನಿ ಪ್ರಕರಣ ಇಂಥ ಕಾರಣಗಳಿಗೆ. ಹೆಸರಿನ ಪಕ್ಕದಲ್ಲೇ ಕಾರಣವನ್ನೂ ಅಚ್ಚುಹಾಕಿದ ಪಟ್ಟಿ ಒಮ್ಮೆ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ, ಒಬ್ಬ ಶಿಕ್ಷಕಿಯ ಕಾಯಿಲೆ ಇಡೀ ತಾಲ್ಲೂಕಿನ ಮಾತಾಗುತ್ತದೆ. ಆದ್ಯತೆಯ ವರ್ಗವನ್ನು ಸಂಕೇತದಲ್ಲಿ ತೋರಿಸಿ, ದಾಖಲೆಗಳ ಪರಿಶೀಲನೆಯನ್ನು ಆಕ್ಷೇಪಿಸಿದವರಿಗೆ ಸೀಮಿತಗೊಳಿಸಿದರೆ ಎರಡೂ ಉದ್ದೇಶ ಈಡೇರುತ್ತದೆ. ಇದಕ್ಕೆ ಮಾಹಿತಿ ಹಕ್ಕು ಕಾಯ್ದೆಯ ತಿದ್ದುಪಡಿ ಬೇಕಿರಲಿಲ್ಲ. ಪಟ್ಟಿ ತಯಾರಿಸುವ ಕೈಗೆ ಒಂದು ಸುತ್ತೋಲೆ ಸಾಕಿತ್ತು.

ಕಾಗದದ ಸೇವಾ ವಹಿಯನ್ನು ವಿದ್ಯುನ್ಮಾನ ಸೇವಾ ವಹಿಯಾಗಿ ಬದಲಿಸುತ್ತಿರುವ ಈ ಕಾಲದಲ್ಲಿ ಅಪಾಯದ ಗಾತ್ರವೂ ಬದಲಾಗುತ್ತದೆ. ಕಪಾಟಿನಿಂದ ಒಂದು ವಹಿ ಕಳೆದರೆ ಒಬ್ಬರ ಪಿಂಚಣಿಗೆ ತೊಡಕು. ಗಣಕದಿಂದ ಸೋರಿದರೆ ಎಲ್ಲರದ್ದೂ ಒಟ್ಟಿಗೆ ಹೋಗುತ್ತದೆ. ಅಮೆರಿಕದ ಫೆಡರಲ್ ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿಯಲ್ಲಿ 2015ರಲ್ಲಿ ಬೆಳಕಿಗೆ ಬಂದ ಕಳವಿನಲ್ಲಿ ಸುಮಾರು 42 ಲಕ್ಷ ಹಾಲಿ ಮತ್ತು ಮಾಜಿ ನೌಕರರ ಸೇವಾ ವಿವರಗಳೂ, ಹಿನ್ನೆಲೆ ತನಿಖೆಗೆ ಸಂಬಂಧಿಸಿದಂತೆ 2.15 ಕೋಟಿ ಜನರ ವಿವರಗಳೂ, 56 ಲಕ್ಷ ಜನರ ಬೆರಳಚ್ಚುಗಳೂ ಕೈತಪ್ಪಿದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚನ್ನು ಬದಲಿಸಲಾಗದು. ಅಲ್ಲಿ 1974ರಿಂದಲೇ ಖಾಸಗಿತನದ ಕಾಯ್ದೆ ಇತ್ತು ಎಂಬುದನ್ನೂ ನೆನಪಿಡಬೇಕು. ನಮ್ಮ ಕಚೇರಿಗಳಲ್ಲಿ ಲಾಗಿನ್ ಬಟವಾಡೆ ಅಧಿಕಾರಿಯದು, ಕೀಲಿಮಣೆಯ ಮೇಲಿನ ಕೈ ಹೊರಗುತ್ತಿಗೆ ಆಪರೇಟರ್‌ದು ಎಂಬ ಸ್ಥಿತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಯಾರು ಯಾವಾಗ ಯಾವ ದಾಖಲೆ ತೆರೆದರು ಎಂಬ ಜಾಡೇ ಅರ್ಥ ಕಳೆದುಕೊಳ್ಳುತ್ತದೆ.

ಇಂಥ ಸೋರಿಕೆಯಾದರೆ ನೌಕರನಿಗೆ ಇಂದು ಏನು ಪರಿಹಾರವಿದೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಪರಿಹಾರ ಕಂಪನಿಗಳಂಥ ಸಂಸ್ಥೆಗಳ ವಿರುದ್ಧವೇ ಹೊರತು ಸರ್ಕಾರಿ ಇಲಾಖೆಯ ವಿರುದ್ಧವಲ್ಲ. ದತ್ತಾಂಶ ಕಾಯ್ದೆಯ ಸುರಕ್ಷತಾ ಹೊಣೆ, ಸೋರಿಕೆಯಾದರೆ ಬಾಧಿತರಿಗೆ ತಿಳಿಸಿ 72 ಗಂಟೆಯೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರ ನೀಡುವ ಹೊಣೆ ಇವೆಲ್ಲ ಅಧಿಸೂಚನೆಯಂತೆ 2027ರ ಮೇ ಮಧ್ಯಭಾಗದ ನಂತರ. ಆಗಲೂ ಕೇಂದ್ರ ಸರ್ಕಾರ ಹೆಸರಿಸುವ ಸರ್ಕಾರಿ ಸಂಸ್ಥೆಗಳಿಗೆ ಸೆಕ್ಷನ್ 17ರಡಿ ವಿನಾಯಿತಿ ಸಿಗಬಹುದು. ಇನ್ನು ಆ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ದತ್ತಾಂಶಕ್ಕೆ ಮಾತ್ರ. ಮಾಹಿತಿ ಹಕ್ಕಿನ ನಿರಾಕರಣೆ ಕಾಗದದ ವಹಿಗೂ ಅನ್ವಯವಾಗುತ್ತದೆ. ಸಂರಕ್ಷಣೆ ಮಾತ್ರ ಅದಕ್ಕೆ ಇಲ್ಲ.

ತನ್ನದೇ ದಾಖಲೆ ಕೇಳಿದ ನೌಕರ

ಈ ತಿದ್ದುಪಡಿಯಿಂದ ನೌಕರವರ್ಗಕ್ಕೆ ಲಾಭವಾಯಿತು ಎಂದು ಭಾವಿಸುವವರು ಗಮನಿಸಬೇಕಾದ ಒಂದು ತೊಡಕಿದೆ. ಬಡ್ತಿ ತಪ್ಪಿದವರು, ಪಿಂಚಣಿ ಕಡತ ಸಿಲುಕಿಕೊಂಡವರು, ಇಲಾಖಾ ವಿಚಾರಣೆ ಎದುರಿಸುತ್ತಿರುವವರು ತಮ್ಮದೇ ಇಲಾಖೆಯಿಂದ ಕಾಗದ ಹೊರತೆಗೆಯಲು ಮೊರೆಹೋಗುವುದು ಇದೇ ಮಾಹಿತಿ ಹಕ್ಕಿಗೆ. ಹೊಸ 8(1)(ಜೆ)ಯಲ್ಲಿ ಸ್ವಂತ ಮಾಹಿತಿ, ಪರರ ಮಾಹಿತಿ ಎಂಬ ಭೇದವನ್ನು ಬರೆದಿಲ್ಲ. ತನ್ನ ದಾಖಲೆಯನ್ನು ತನಗೇ ನಿರಾಕರಿಸುವುದು ಅಸಂಬದ್ಧವೆಂದು ಯಾವ ಮೇಲ್ಮನವಿ ಪ್ರಾಧಿಕಾರವೂ ಹೇಳಬೇಕು, ಆದರೆ ಬಡ್ತಿ ಪ್ರಕರಣದಲ್ಲಿ ಸ್ವಂತ ದಾಖಲೆಯೊಂದೇ ಸಾಲದು. ತನಗಿಂತ ಮೇಲೆ ಕೂರಿಸಿದವರ ಜ್ಯೇಷ್ಠತೆ, ಅರ್ಹತೆಗಳೊಂದಿಗೆ ಹೋಲಿಸದೆ ಅನ್ಯಾಯವನ್ನು ಸಾಬೀತುಪಡಿಸಲು ಬರುವುದಿಲ್ಲ.

ದತ್ತಾಂಶ ಕಾಯ್ದೆ ಪೂರ್ಣ ಜಾರಿಯಾದ ಮೇಲೆ ಅದರಡಿ ಕೇಳಬಹುದಲ್ಲವೇ ಎಂದರೆ, ಅಲ್ಲೂ ಅಡ್ಡಿಯಿದೆ. ತನ್ನ ದತ್ತಾಂಶವನ್ನು ನೋಡುವ ಮತ್ತು ತಿದ್ದಿಸುವ ಹಕ್ಕನ್ನು ಸೆಕ್ಷನ್ 11 ಮತ್ತು 12 ಕೊಡುವುದು ಒಪ್ಪಿಗೆಯ ಮೇಲೆ ಸಂಗ್ರಹಿಸಿದ ದತ್ತಾಂಶಕ್ಕೆ. ಉದ್ಯೋಗದ ಉದ್ದೇಶಕ್ಕಾಗಿ ಒಪ್ಪಿಗೆ ಇಲ್ಲದೆಯೇ ದತ್ತಾಂಶ ಬಳಸಲು ಸೆಕ್ಷನ್ 7 ಉದ್ಯೋಗದಾತನಿಗೆ ಅವಕಾಶ ನೀಡಿದೆ. ಇಲಾಖೆ ಆ ದಾರಿ ಹಿಡಿದರೆ ನೌಕರನಿಗೆ ಈ ಕಾಯ್ದೆಯಲ್ಲಿ ನೋಡುವ ಹಕ್ಕೂ ಇಲ್ಲ, ತಿದ್ದಿಸುವ ಹಕ್ಕೂ ಇಲ್ಲ. ಉಳಿಯುವುದು ಸೇವಾ ನಿಯಮಗಳು, ಮತ್ತು ಗೌಪ್ಯ ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ ಬಂದು, 2013ರಲ್ಲಿ ತ್ರಿಸದಸ್ಯ ಪೀಠ ಎತ್ತಿಹಿಡಿದ ತೀರ್ಪು. ಅದು ನಿಂತಿರುವುದು ಸಂವಿಧಾನದ 14ನೇ ವಿಧಿಯ ಮೇಲೆ. ಹಾಗಾಗಿ ಈ ತಿದ್ದುಪಡಿ ಅದನ್ನು ಮುಟ್ಟಲಾರದು.

ಸದ್ಯಕ್ಕೆ ಉಳಿದಿರುವ ದಾರಿಗಳು

ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ತಿದ್ದುಪಡಿಯಾಗಿಲ್ಲ. ಅಧಿಕಾರಿ, ನೌಕರರ ಪಟ್ಟಿಯನ್ನೂ ಪ್ರತಿಯೊಬ್ಬರ ಮಾಸಿಕ ವೇತನವನ್ನೂ ಇಲಾಖೆಗಳು ಯಾರೂ ಕೇಳದೆಯೇ ಪ್ರಕಟಿಸಬೇಕು. ಇವನ್ನು 'ವೈಯಕ್ತಿಕ' ಎಂದು ತಳ್ಳಿಹಾಕಿದ ಹಿಂಬರಹ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಉಳಿದ ದಾಖಲೆಗಳನ್ನು ಕೇಳುವವರು ಇನ್ನು ಮುಂದೆ ಅರ್ಜಿಯಲ್ಲೇ 8(2)ನ್ನು ಉಲ್ಲೇಖಿಸಿ, ಸಾರ್ವಜನಿಕ ಹಿತ ಏನೆಂದು ಬಿಡಿಸಿ ಬರೆಯಬೇಕಾಗುತ್ತದೆ. ಕಾರಣ ಕೊಡದೆ ಕೇಳುವ ಹಕ್ಕನ್ನು ಸೆಕ್ಷನ್ 6(2) ಕೊಟ್ಟಿದ್ದರೂ ವ್ಯವಹಾರದಲ್ಲಿ ಅದು ಇಲ್ಲಿಗೆ ಸವೆಯುತ್ತದೆ. ಮುಚ್ಚಬೇಕಾದ ಸಾಲುಗಳಿಗೆ ಮಸಿ ಬಳಿದು ಉಳಿದದ್ದನ್ನು ಕೊಡಿ ಎಂದು ಸೆಕ್ಷನ್ 10ರಡಿ ಕೇಳುವ ದಾರಿಯೂ ತೆರೆದಿದೆ.

ಹೆಚ್ಚು ಚರ್ಚೆಯಾಗದೆ ಉಳಿದಿರುವುದು ಸೆಕ್ಷನ್ 8(3). ಅರ್ಜಿ ಸಲ್ಲಿಸಿದ ದಿನಕ್ಕೆ 20 ವರ್ಷ ಹಿಂದಿನ ಘಟನೆಗೆ ಸಂಬಂಧಿಸಿದ ಮಾಹಿತಿಗೆ ಸೆಕ್ಷನ್ 8(1)ರ ಮೂರು ವಿನಾಯಿತಿಗಳು ಮಾತ್ರ ಅನ್ವಯಿಸುತ್ತವೆ: ದೇಶದ ಭದ್ರತೆಯಂಥ ವಿಷಯಗಳ ಎ, ಶಾಸನಸಭೆಯ ಹಕ್ಕುಚ್ಯುತಿಯ ಸಿ, ಸಚಿವ ಸಂಪುಟದ ಕಾಗದಪತ್ರಗಳ ಐ. ಜೆ ಆ ಪಟ್ಟಿಯಲ್ಲಿಲ್ಲ. ಅಂದರೆ ಎರಡು ದಶಕ ಹಿಂದಿನ ನೇಮಕಾತಿಯಲ್ಲಿ ಸಲ್ಲಿಸಿದ ಪ್ರಮಾಣಪತ್ರವನ್ನು ವೈಯಕ್ತಿಕ ಎಂಬ ಕಾರಣಕ್ಕೆ ನಿರಾಕರಿಸಲು ಈ ಸೆಕ್ಷನ್ನಿನ ಪ್ರಕಾರ ಅವಕಾಶವಿಲ್ಲ, ಆ ನೌಕರ ಇನ್ನೂ ಸೇವೆಯಲ್ಲಿದ್ದರೂ ಸಹ. ಕಡತ ಅಷ್ಟು ಕಾಲ ಕಪಾಟಿನಲ್ಲಿ ಉಳಿದಿರಬೇಕು, ಅಷ್ಟೇ.